ನಮೂನೆ ಕೌದಿಯ ಏಳು ಕಾಳು

ನನ್ನ ಯಂಕವ್ವಾಯಿಗೆ,

ಪುಣೆಯ ಬಿಬವೇವಾಡಿಯಿಂದ ನಿನ್ನ ಭಾಗ್ಯಾ, ನಿನ್ನ ಎರಡೂ ಅಂಗೈಗಳನ್ನು ಕಣ್ಣಿಗೆ ಒತ್ತಿಕೊಂಡೆನೆಂದು ತಿಳಿದು ಬರೆಯುತ್ತಿರುವ ಪತ್ರ.

ಆಯಿ, ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ತಡಮಾಡಿದರೆ ಎಂದಿನಂತೆ ಗಂಟಲಲ್ಲೇ ಉಳಿದುಬಿಡುತ್ತದೆ. ಸರ್ಕಾರಿ ಕಚೇರಿಗೆ ನಾವು ಕೊಟ್ಟ ನಮೂನೆ ಕೌದಿಯ ಮೂಲೆಯಲ್ಲಿ ಜೋಳದ ಕಾಳು ಹಾಕಿದವಳು ನೀನಲ್ಲ, ನಾನು. ನಮ್ಮ ಟೆಂಡರ್ ಕೆಟ್ಟದ್ದು ನನ್ನ ಕೈಯಿಂದ. ಓಣಿಯ ಹೆಂಗಸರೆಲ್ಲ ನಿನ್ನ ಕಡೆ ತಿರುಗಿದಾಗ ಬಾಯಿ ಮುಚ್ಚಿಕೊಂಡು ನಿಂತವಳೂ ನಾನೇ. ನನ್ನ ತಪ್ಪನ್ನು ನಿನ್ನ ತಲೆಯ ಮೇಲೆ ಹೊತ್ತುಕೊಂಡು ನೀನು ಪುಣೆ ಬಿಟ್ಟು ಯಾದಗಿರಿ ಕಡೆಯ ನಿನ್ನ ತಮ್ಮನ ಮನೆ ಸೇರಿ ಇಂದಿಗೆ ನಲವತ್ತು ದಿನ.

ಇದನ್ನು ನಿನಗೆ ಓದಿ ಹೇಳುತ್ತಿರುವವರು ನಿಮ್ಮ ಪಕ್ಕದ ಮನೆಯ ಹುಸೇನಪ್ಪ ಮಾಮಾ. ಮಾಮಾ, ನಿಮ್ಮಲ್ಲಿ ಒಂದು ಬೇಡಿಕೆ. ನಿಧಾನವಾಗಿ ಓದಿ. ಆಯಿ ನಡುವೆ ಸಾಕು ಎಂದರೂ ನಿಲ್ಲಿಸಬೇಡಿ. ಹೋದ ತಿಂಗಳು ನಿಮ್ಮ ಫೋನಿಗೆ ಎರಡು ಸಲ ಕರೆ ಮಾಡಿ, "ಹಲೋ, ಯಾರ್ರಿ? ಮಾತಾಡ್ರಿ!" ಎಂದು ನೀವು ಕೂಗುವುದನ್ನು ಕೇಳಿ ಇಟ್ಟುಬಿಟ್ಟವಳು ನಾನು. ಕ್ಷಮಿಸಿ. ಬಾಯಿಯಲ್ಲಿ ಬರದ ಮಾತು ಕಾಗದದ ಮೇಲಾದರೂ ಬರುತ್ತದೆಯೇ ಎಂದು ನೋಡುತ್ತಿದ್ದೇನೆ.

ಆಯಿ, ಎಲ್ಲ ಶುರುವಾದದ್ದು ನಾನು ಕೆಲಸಕ್ಕೆ ಹೋಗುವ ಸಿಂಧೂರ ಅಕ್ಕನ ಮನೆಯಲ್ಲಿ. ಮೈಸೂರು ಕಡೆಯ ಹುಡುಗಿ, ಕಂಪ್ಯೂಟರ್ ಕಂಪನಿಯ ಕೆಲಸ, ಚಳಿಗೆ ನೀನು ಹೊಲಿದ ಕೌದಿಯನ್ನೇ ಹೊದ್ದು ಸೋಫಾದ ಮೇಲೆ ಕೂತಿರುತ್ತಿದ್ದಳು. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಭಾಗ್ಯಾ, ಇಲ್ಲಿ ನೋಡು. ಅಂಗನವಾಡಿ ಮಕ್ಕಳಿಗೆ ಕೈಹೊಲಿಗೆ ಕೌದಿ ಬೇಕಂತೆ. ಲೇಡೀಸ್ ಗ್ರೂಪ್‌ಗಳಿಗೆ ಮಾತ್ರ ಕರೆದಿದ್ದಾರೆ. ನಿಮ್ಮವ್ರು ಯಾಕೆ ಟೆಂಡರ್ ಹಾಕ್ಬಾರ್ದು? ಅಪ್‌ಲೋಡ್ ಎಲ್ಲಾ ನಾನ್ ಮಾಡ್ಕೊಡ್ತೀನಿ" ಎಂದಳು. ಮಕ್ಕಳ ಮಧ್ಯಾಹ್ನದ ನಿದ್ದೆಗೆ ಎಂದು ಅದರಲ್ಲಿ ಬರೆದಿತ್ತು. ಸರ್ಕಾರಕ್ಕೂ ಮಕ್ಕಳ ನಿದ್ದೆಯ ಚಿಂತೆ ಇರುತ್ತದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಉದ್ದ ಇಷ್ಟು, ಅಗಲ ಇಷ್ಟು, ತೂಕ ಇಷ್ಟು ಎಂದು ಯಾರೋ ಕೂತು ನಿದ್ದೆಯನ್ನು ಅಳೆದಿದ್ದರು. ಆ ದಿನ ನೆಲ ಒರೆಸುವಾಗಲೂ ಪಾತ್ರೆ ತೊಳೆಯುವಾಗಲೂ ನನಗೆ ಕಂಡದ್ದು ಸಾಲಾಗಿ ಮಲಗಿದ ಚಿಕ್ಕ ಚಿಕ್ಕ ತಲೆಗಳು, ಅವುಗಳ ಮೇಲೆ ನಿನ್ನ ಕೆಂಪು ಹಳದಿ ತುಂಡುಗಳು, ನಿನ್ನ ಬಿಳಿ ದಾರ.

ಸಂಜೆ ಅಂಬಾಬಾಯಿಯ ಮನೆಯಲ್ಲಿ ನಮ್ಮ ಬಚತ್ ಗಟದ, ಎಂದರೆ ಉಳಿತಾಯ ಸಂಘದ, ಹನ್ನೊಂದೂ ಹೆಂಗಸರು ಸೇರಿದೆವು. ಅಂಬಾಬಾಯಿ ಗಟದ ಅಧ್ಯಕ್ಷೆ, ಮಾತಿನಲ್ಲಿ ಯಾರಿಗೂ ಸೋಲದವಳು. ಬರೆಯಲು ಬರುತ್ತದೆಂದು ನನ್ನನ್ನು ಕಾರ್ಯದರ್ಶಿ ಮಾಡಿದ್ದೂ ಅವಳೇ. ಸಿಂಧೂರ ಅಕ್ಕ ಬಿಡಿಸಿ ಹೇಳಿದಳು. ಟೆಂಡರಿಗೆ ಎರಡು ಲಕೋಟೆ. ಕಂಪ್ಯೂಟರಿನಲ್ಲೇ ಇದ್ದರೂ ಲಕೋಟೆ ಎಂದೇ ಹೆಸರು. ಮೊದಲನೆಯದರಲ್ಲಿ ನಾವು ಯಾರು, ಎಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇವೆ, ನೋಂದಣಿ ಇದೆಯೇ, ಎಲ್ಲಾದರೂ ಕಪ್ಪುಪಟ್ಟಿಗೆ ಸೇರಿದ್ದೇವೆಯೇ ಎಂಬ ಕಾಗದಗಳು. ಅದರ ಜೊತೆಗೆ ಕೈಯಾರೆ ಒಯ್ದು ಕೊಡಬೇಕಾದ ಒಂದು ನಮೂನೆ. ಎರಡನೆಯ ಲಕೋಟೆಯಲ್ಲಿ ನಮ್ಮ ದರ. ಮೊದಲನೆಯದರಲ್ಲಿ ಪಾಸಾದರೆ ಮಾತ್ರ ಎರಡನೆಯದನ್ನು ತೆರೆಯುತ್ತಾರೆ. ಪಾಸಾಗದಿದ್ದರೆ ಅದು ಮುಚ್ಚಿದಂತೆಯೇ ಉಳಿಯುತ್ತದೆ.

ನೀನು ಎಲೆ ಅಡಿಕೆ ಒಂದು ದವಡೆಗೆ ಸರಿಸಿ ಅಂದೆ: "ಅಂದ್ರ ಹೆಣ್ಣು ನೋಡ್ಲಿಕ್ಕ ಬಂದಂಗ. ಮೊದಲ ಮನಿ ಮಂದಿ ನೋಡ್ತಾರ, ಮನಸಿಗಿ ಬಂದ್ರ ಆಮ್ಯಾಲ ಮಾತುಕತಿ."

"ಹೌದವ್ವ, ಹಂಗೇ. ನೀ ಮಾತ್ರ ನಡುವ ಬಾಯಿ ಹಾಕಬ್ಯಾಡ. ಹುಡುಗಿಗಿ ರೊಟ್ಟಿ ಬಡೀಲಿಕ್ಕ ಬರಂಗಿಲ್ಲಂತ ನೀನೇ ಹೇಳಿಬಿಡ್ತಿ" ಎಂದಳು ಅಂಬಾಬಾಯಿ. ಎಲ್ಲರೂ ನಕ್ಕೆವು.

ಮೂರು ವರ್ಷದ ಅನುಭವದ ಪ್ರಮಾಣಪತ್ರ ಬೇಕು ಎಂದಾಗ ನಿನಗೆ ಸಿಟ್ಟೇ ಬಂದಿತ್ತು. "ನನ್ನ ಕೌದ್ಯಾಗ ಮಲಗಿ ಎದ್ದವರು ಈಗ ಮೊಮ್ಮಕ್ಕಳನ್ನ ಆಡಸ್ಲಿಕತ್ತಾರ. ಅವರನ್ನೇ ಕರಕೊಂಡು ಹೋಗಿ ಸಾಲಿಗೆ ನಿಂದ್ರಸಲೇನು?" ಎಂದೆ. ಕೊನೆಗೆ ನಾವು ಕೌದಿ ಕೊಟ್ಟಿದ್ದ ಬಿಬವೇವಾಡಿಯ ಒಂದು ಚಿಕ್ಕ ಶಾಲೆಯ ಟೀಚರ್ ಬಾಯಿ ಬರೆದುಕೊಟ್ಟರು. ಹೀಗೆ ಒಂದೊಂದಾಗಿ ಕಾಗದ ಕೂಡಿದವು. ಪ್ರತಿ ಪುಟಕ್ಕೂ ಅಂಬಾಬಾಯಿಯ ಸಹಿ, ಅದರ ಕೆಳಗೆ ನನ್ನ ಸಹಿ, ಗಟದ ಶಿಕ್ಕಾ ಮೊಹರು. ಒಂದು ಪುಟ ಬಿಟ್ಟರೂ ಇಡೀ ಅರ್ಜಿ ಬಿದ್ದುಹೋಗುತ್ತದೆ ಎಂದು ಅಕ್ಕ ಹೇಳಿದ್ದಳು. ಅರವತ್ತೆರಡು ಪುಟ. ನನ್ನ ಹೆಸರನ್ನು ಅಷ್ಟು ಸಲ ನಾನು ಎಂದೂ ಬರೆದಿರಲಿಲ್ಲ. ಬರೆಯುತ್ತಾ ಬರೆಯುತ್ತಾ ಅದು ಬೇರೆ ಯಾರದೋ ಹೆಸರಿನಂತೆ, ಧೈರ್ಯದ ಹುಡುಗಿಯೊಬ್ಬಳ ಹೆಸರಿನಂತೆ ಕಾಣತೊಡಗಿತು. ಆ ಪುಟಗಳಲ್ಲಿ ಒಂದರಲ್ಲಿ ಹೀಗಿತ್ತು: ಕೌದಿಯ ಒಳಗೆ ಹತ್ತಿಯ ಬಟ್ಟೆ ಬಿಟ್ಟು ಬೇರೆ ಯಾವ ವಸ್ತುವೂ ಇರುವುದಿಲ್ಲ. ಅದರ ಕೆಳಗೂ ನನ್ನ ಸಹಿ ಇದೆ.

ನಮೂನೆಯ ಮೇಲೆ ಯಾರ ಹೆಸರೂ, ಯಾವ ಗುರುತೂ ಇರಬಾರದು ಎಂಬುದು ಇನ್ನೊಂದು ನಿಯಮ. ಕೊಟ್ಟಾಗ ಕಚೇರಿಯವರು ಒಂದು ನಂಬರಿನ ಚೀಟಿ ಕಟ್ಟುತ್ತಾರೆ. ಪರೀಕ್ಷೆ ಮಾಡುವವರಿಗೆ ಕೌದಿ ಯಾರದೆಂದು ಗೊತ್ತಾಗಬಾರದು. ಗೊತ್ತಾದರೆ ತಮ್ಮವರದನ್ನು ಎತ್ತಿಹಿಡಿಯಬಹುದಲ್ಲ. ನನಗೆ ಆ ನಿಯಮ ಬಹಳ ಹಿಡಿಸಿತ್ತು. ನಮ್ಮ ಓಣಿ, ನಮ್ಮ ಮಾತು, ನಮ್ಮ ಸೀರೆ ಯಾವುದೂ ಕಾಣದೆ, ಬರೀ ಹೊಲಿಗೆ ಮಾತ್ರ ಹೋಗಿ ದೊಡ್ಡವರ ಮುಂದೆ ಕೂರುತ್ತದೆ. ನನ್ನಂಥವಳಿಗೆ ಅದಕ್ಕಿಂತ ಒಳ್ಳೆಯದು ಏನಿದೆ.

ಅಕ್ಕ ನಿನಗೆ ಬಿಡಿಸಿ ಬಿಡಿಸಿ ಹೇಳಿದಳು: "ಅಜ್ಜಿ, ನೀವು ಮೂಲೇಲಿ ಕಾಳು ಹಾಕ್ತೀರಲ್ಲ, ಅದು ಈ ಸಲ ಬೇಡ." ನೀನು ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟೆ. ಆಮೇಲೆ, "ಮಗಳನ್ನ ಬರೀ ಉಡಿಲಿಂದ ಕಳಸ್ತಾರೇನವ್ವ ಯಾರಾದ್ರೂ?" ಎಂದೆ. ತವರಿಂದ ಹೊರಟ ಹೆಣ್ಣಿಗೆ ಉಡಿ ತುಂಬುವಂತೆ, ಮನೆ ಬಿಟ್ಟು ಹೋಗುವ ಪ್ರತಿ ಕೌದಿಗೂ ನೀನು ಕೊನೆಯ ಮೂಲೆಯಲ್ಲಿ ಐದು ಜೋಳದ ಕಾಳು, ಒಂದು ಚೂರು ಅರಿಶಿನ ಕೊಂಬು ಇಟ್ಟು ಹೊಲಿಗೆ ಮುಚ್ಚುವವಳು. ಆದರೂ ಒಪ್ಪಿದೆ. "ಸರ್ಕಾರದ ಮನಿ. ಅವರ ಪದ್ಧತಿ ಅವರಿಗಿ" ಎಂದೆ.

ಸಂಕ್ರಾಂತಿಯ ಮರುವಾರ ನಮೂನೆ ಮುಗಿಯಿತು. ಹೊಸ ಬಟ್ಟೆ ಮೈಗೆ ಚುಚ್ಚುತ್ತದೆಂದು ನೀನು ಮೂರು ಸಲ ಒಗೆದು ಒಣಗಿಸಿ ಹೊಲಿದಿದ್ದೆ. ಅಂಚಿನಿಂದ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವ ನಿನ್ನ ಸಾಲುಗಳನ್ನು ನೋಡುತ್ತಿದ್ದರೆ ನೀರಿಗೆ ಕಲ್ಲು ಬಿದ್ದು ಎದ್ದ ಅಲೆಗಳು ಹಿಂದಕ್ಕೆ ಬರುವುದನ್ನು ನೋಡಿದಂತಾಗುತ್ತಿತ್ತು. ಬೆರಳು ನೋಯುತ್ತದೆಂದು, ಮುಚ್ಚದೆ ಬಿಟ್ಟಿದ್ದ ಕೊನೆಯ ಮೂಲೆಯನ್ನು ನನ್ನ ಮಡಿಲಿಗೆ ಹಾಕಿ, "ಇದೊಂದು ನೀ ಮುಚ್ಚು. ಖಾಲಿ ಹೊಟ್ಟಿಲಿಂದ ಹೊಂಟಾಳ, ನನ್ನ ಕಣ್ಣಿಲೆ ನೋಡ್ಲಿಕ್ಕಾಗಂಗಿಲ್ಲ" ಎಂದು ನೀರು ತರಲು ನಲ್ಲಿಯ ಕಡೆ ಹೋದೆ. ನಡು ಮಧ್ಯಾಹ್ನ. ತಗಡಿನ ಮಾಡಿನ ತೂತಿನಿಂದ ಒಂದು ಬಿಸಿಲಕೋಲು ಕೌದಿಯ ಮೇಲೆ ಬಿದ್ದಿತ್ತು. ನನಗೆ ತೂಕಡಿಕೆಯೋ ಎಚ್ಚರವೋ ತಿಳಿಯದ ಹೊತ್ತು.

ಆಗ ನನಗೆ ಪುಣೆ ಹತ್ತಿರದ ಚಾಕಣ ನೆನಪಾಯಿತು. ಅಲ್ಲಿದ್ದಾಗ ನನಗೆ ನಾಲ್ಕೋ ಐದೋ ವರ್ಷ. ಕಾರು ಫ್ಯಾಕ್ಟರಿಯ ಶೆಡ್ಡು ಏಳುತ್ತಿತ್ತು. ನಮ್ಮ ಅವ್ವ, ಬೇರೆ ತಾಯಂದಿರು ಬುಟ್ಟಿ ಹೊರಲು ಹೋಗುತ್ತಿದ್ದರು. ಕಾಲು ಉಳುಕಿ ಆ ವರ್ಷ ಬುಟ್ಟಿ ಹೊರಲಾಗದೆ ಮಕ್ಕಳನ್ನು ನೋಡಿಕೊಳ್ಳಲು ನಿಂತವಳು ನೀನು. ನಾವು ಏಳು ಮಕ್ಕಳು. ಮಧ್ಯಾಹ್ನ ಸಿಮೆಂಟಿನ ಖಾಲಿ ಚೀಲ ಹಾಸಿ, ಅದರ ಮೇಲೆ ನಮ್ಮನ್ನು ಸಾಲಾಗಿ ಮಲಗಿಸಿ, ಏಳೂ ಜನಕ್ಕೆ ಒಂದೇ ಕೌದಿ ಹೊದಿಸುತ್ತಿದ್ದೆ. ಯಂತ್ರ ನೆಲ ಕುಟ್ಟುವ ಸದ್ದು ಕೌದಿಯ ಒಳಗೆ ಬಂದಾಗ ದೂರದಲ್ಲಿ ಯಾರೋ ಜೋಳ ಬೀಸುವಂತೆ ಕೇಳುತ್ತಿತ್ತು. ನೀನು ಆ ಕಡೆಯಿಂದ ಈ ಕಡೆಗೆ ತಲೆ ಮುಟ್ಟಿ ಎಣಿಸುತ್ತಿದ್ದೆ. ಏಳು ಎಂದು ನಿನ್ನ ಕೈ ನನ್ನ ತಲೆಯ ಮೇಲೆ ನಿಲ್ಲುತ್ತಿತ್ತು, ತುದಿಯಲ್ಲಿ ಮಲಗುತ್ತಿದ್ದವಳು ನಾನಲ್ಲವೇ. ಆ ಕೈ ತಲೆಗೆ ತಾಗುವವರೆಗೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಆಯಿ, ಆ ಬಿಸಿಲಲ್ಲಿ ಕೂತು ನಾನು ನಿನ್ನ ಡಬ್ಬಿಯಿಂದ ಕಾಳು ತೆಗೆದೆ. ಐದಲ್ಲ, ಏಳು. ತಲೆ ಎಣಿಸುವಂತೆ ಒಂದೊಂದೇ ಇಟ್ಟು, ಅರಿಶಿನದ ಚೂರನ್ನೂ ಸೇರಿಸಿದೆ. ಪರೀಕ್ಷೆ ಎಂದರೆ ಅಳೆಯುತ್ತಾರೆ, ತೂಗುತ್ತಾರೆ, ಕೈಯಾಡಿಸುತ್ತಾರೆ ಎಂದಷ್ಟೇ ತಿಳಿದಿದ್ದೆ. ಕತ್ತರಿ ಹಾಕಿ ಬಿಚ್ಚುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ. ಹೊಲಿಗೆ ಮುಚ್ಚಿದೆ. ನೀನು ಕೊಡ ಹೊತ್ತು ಬಂದಾಗ ನಾನು ದಾರ ಹಲ್ಲಿನಿಂದ ಕಡಿದು ನಗುತ್ತಿದ್ದೆ. ಯಾಕೆ ನಗ್ತಿ ಎಂದು ನೀನು ಕೇಳಿದೆ. ನಾನು ಏನೂ ಇಲ್ಲ ಎಂದೆ.

ನಮೂನೆ ಬಿಚ್ಚಿದ ದಿನ ನೀನು ಬಂದಿರಲಿಲ್ಲ, ಹೋದದ್ದು ನಾನೂ ಅಂಬಾಬಾಯಿಯೂ. ಶಿವಾಜಿನಗರದ ಆ ಕಚೇರಿಯ ಮೂರನೆಯ ಮಹಡಿ, ಉದ್ದನೆಯ ಮೇಜು, ಆ ಬದಿಗೆ ಸಮಿತಿಯ ಮೂವರು, ನಡುವೆ ಸಮಿತಿಯ ಮುಖ್ಯಸ್ಥೆ ಪ್ರಣೀತಾ ಮೇಡಂ. ಈ ಬದಿಗೆ ಟೆಂಡರ್ ಹಾಕಿದ ಗಟಗಳವರು. ಎಲ್ಲರ ಎದುರಿಗೇ ಬಿಚ್ಚುವುದು ಅವರ ಕ್ರಮ, ಆಮೇಲೆ ಯಾರೂ ಮೋಸ ಎನ್ನಬಾರದು. ಒಂದೊಂದು ಕೌದಿಯನ್ನೂ ತೂಗಿದರು, ಅಳೆದರು, ಒಂದು ಅಂಗುಲದಲ್ಲಿ ಎಷ್ಟು ಹೊಲಿಗೆ ಎಂದು ಎಣಿಸಿದರು. ನಮ್ಮದನ್ನು ಎಣಿಸಿದ ಗುಮಾಸ್ತ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಎಣಿಸಿದ. ಅಷ್ಟು ಸಣ್ಣ ಹೊಲಿಗೆ. ನನ್ನ ಎದೆ ಉಬ್ಬಿ ಬಂತು. ಆಮೇಲೆ ಕತ್ತರಿ ಎತ್ತಿಕೊಂಡು, ನಾಲ್ಕು ಮೂಲೆಗಳಲ್ಲಿ ನಾನು ಮುಚ್ಚಿದ ಮೂಲೆಗೇ ಹಾಕಿದ.

ಬಿಳಿಯ ಹಾಳೆಯ ಮೇಲೆ ಕಾಳು ಬಿದ್ದ ಸದ್ದು ಎಷ್ಟು ಚಿಕ್ಕದು ಆಯಿ. ಆದರೂ ಎಲ್ಲರಿಗೂ ಕೇಳಿಸಿತು. ಅರಿಶಿನದ ಚೂರು ಉರುಳಿ ಮೇಡಂ ಪೆನ್ನಿನ ಹತ್ತಿರ ಹೋಗಿ ನಿಂತಿತು.

ಇನ್ನೊಂದು ಗಟದ ಕಾಗದಪತ್ರ ನೋಡಿಕೊಳ್ಳುವ ದೇವಾನಂದ ಎಂಬುವವನು ಎದ್ದುನಿಂತ. "ಮೇಡಂ, ಇದು ಗುರುತು! ಕಾಳು ನೋಡಿ ನಮ್ಮದು ಅಂತ ಒಳಗಿನವರಿಗೆ ತಿಳಿಯಲಿ ಅಂತ ಹಾಕಿದ್ದಾರೆ" ಎಂದ. ಹಾಗೆ ಕೇಳುವ ಹಕ್ಕು ಅವನಿಗಿತ್ತು. ಮೇಡಂ ಪೆನ್ನು ಎತ್ತಿಕೊಂಡರು. ಹೊರಗಿನ ವಸ್ತು ಸಿಕ್ಕಿದೆ, ಗುರುತು ಎಂಬ ಆಕ್ಷೇಪ ಬಂದಿದೆ ಎಂದು ಎರಡು ಸಾಲು ಬರೆದುಕೊಂಡರು. ಗುರುತು ಎಂದು ತೀರ್ಮಾನವಾದರೆ ಮೂರು ವರ್ಷ ನಮ್ಮ ಗಟ ಯಾವ ಸರ್ಕಾರಿ ಟೆಂಡರಿಗೂ ಬರುವಂತಿಲ್ಲ. ನೀನು ಒಮ್ಮೆ ಏನದು ಎಂದು ಕೇಳಿದ್ದೆಯಲ್ಲ ಕಪ್ಪುಪಟ್ಟಿ, ಅದೇ ಅದು.

ಮುಂದಿನದು ನಿನಗೆ ಗೊತ್ತು. ಅಂಬಾಬಾಯಿ ಓಣಿಗೆ ಕಾಲಿಟ್ಟದ್ದೇ ಕೂಗಿದಳು. "ಬ್ಯಾಡಂತ ಹೇಳಿರಲಿಲ್ಲೇನ ಮುದುಕಿ? ಸಾವಿರ ಸಲ ಹೇಳಿರಲಿಲ್ಲೇನ? ಏಳು ಕಾಳು! ಎಲ್ಲಾರ ಮುಂದ ಏಳು ಕಾಳು ಉದುರ್ಯಾವ!"

ಏಳು ಎಂದಾಗ ನೀನು ತಲೆಯೆತ್ತಿ ನನ್ನನ್ನು ನೋಡಿದೆ. ಒಂದೇ ಸಲ. ಐವತ್ತು ವರ್ಷದಲ್ಲಿ ನಿನ್ನ ಕೈ ಐದಕ್ಕಿಂತ ಹೆಚ್ಚು ಹಾಕಿದ್ದಿಲ್ಲ. ಯಾರ ಕೈ ಎಂದು ಆ ಕ್ಷಣವೇ ನಿನಗೆ ತಿಳಿಯಿತು. ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ ಆಯಿ. ಅಷ್ಟರಲ್ಲಿ ನೀನು ನಿನ್ನ ಅಂಗೈಯನ್ನು ನೋಡಿಕೊಳ್ಳುತ್ತಾ, "ನನ್ನ ಕೈಯೇ ಹಾಕಿರಬೇಕು. ರೂಢಿ. ನೆನಪ ಇಲ್ಲ ನನಗ" ಎಂದುಬಿಟ್ಟೆ. ನನ್ನ ಮಾತು ಅಲ್ಲೇ ಕೂತುಬಿಟ್ಟಿತು. ನಾಳೆ ಹೇಳುತ್ತೇನೆ ಎಂದುಕೊಂಡೆ. ಮೂರನೆಯ ದಿನ ನೀನು ಗಂಟು ಕಟ್ಟಿಕೊಂಡು ಸ್ಟೇಷನ್ನಿಗೆ ಹೊರಟೆ. ನಾನು ಗಂಟು ಹೊತ್ತುಕೊಂಡು ಬಂದೆ. ರೈಲು ಹೊರಡುವವರೆಗೆ ಕಿಟಕಿಯ ಸರಳು ಹಿಡಿದು ನಿಂತಿದ್ದೆ. "ಹೊತ್ತಿಗಿ ಸರಿಯಾಗಿ ಉಣ್ಣು" ಎಂದು ನೀನು ಹೇಳಿದೆ. ನಾನು ತಲೆ ಆಡಿಸಿದೆ.

ಇಷ್ಟೇ ಆಗಿದ್ದರೆ ನನ್ನ ತಪ್ಪು ಸುಮ್ಮನಿದ್ದುದಷ್ಟೇ ಆಗುತ್ತಿತ್ತು. ಕೇಳು, ಇನ್ನೂ ಇದೆ. ವಿವರಣೆ ಕೊಡಲು ಕಚೇರಿಯವರು ಹತ್ತು ದಿನ ಕೊಟ್ಟರು. ಇದು ನಮ್ಮ ಪದ್ಧತಿ, ಗುರುತಲ್ಲ ಎಂದು ಅಂಬಾಬಾಯಿ ಹೇಳಿ ಬರೆಸಿದಳು. ಅದರಲ್ಲಿ ಒಂದು ಸಾಲು, ವಯಸ್ಸಾದ ಒಬ್ಬ ಸದಸ್ಯೆಯ ಮರೆವಿನಿಂದ ಹೀಗಾಗಿದೆ, ಎಂದು. ಕೆಳಗೆ ಕಾರ್ಯದರ್ಶಿಯ ಸಹಿ ಬೇಕಿತ್ತು. ಹಾಕಿದೆ. ಅರವತ್ತೆರಡು ಸಲ ಚೆಂದ ಕಂಡ ನನ್ನ ಹೆಸರು ಅರವತ್ತಮೂರನೆಯ ಸಲ ಓದಲಾಗದಂತೆ ಬಂತು.

ಆಮೇಲೆ ನನಗೆ ಒಂದೇ ಕನಸು ಮತ್ತೆ ಮತ್ತೆ ಬರತೊಡಗಿತು. ನಮ್ಮ ಎರಡನೆಯ ಲಕೋಟೆ, ತೆರೆಯದೆ ಉಳಿದದ್ದು, ಎಲ್ಲೋ ಒಂದು ಕಪಾಟಿನಲ್ಲಿ ಮಲಗಿ ಉಸಿರಾಡುತ್ತಿರುತ್ತದೆ. ನಾನು ಬರಿಗಾಲಲ್ಲಿ ಕಚೇರಿಯ ಉದ್ದಕ್ಕೂ ನಡೆಯುತ್ತೇನೆ. ನೆಲ ಕೌದಿಯಂತೆ ಮೆತ್ತಗಿರುತ್ತದೆ. ಮೇಜುಗಳ ಕೆಳಗೆಲ್ಲ ಮಕ್ಕಳು ನಿದ್ದೆ ಹೋಗಿರುತ್ತಾರೆ. ಗುಮಾಸ್ತರು ಅವರನ್ನು ಎಬ್ಬಿಸದಂತೆ ತುದಿಗಾಲಲ್ಲಿ ಓಡಾಡುತ್ತಾರೆ. ಕಪಾಟು ತೆರೆದರೆ ಒಳಗೆ ನೀನು ಬೆನ್ನು ತಿರುಗಿಸಿ ಕೂತು ಏನನ್ನೋ ಹೊಲಿಯುತ್ತಿರುತ್ತೀ. ಆಯಿ ಎಂದು ಕರೆಯುತ್ತೇನೆ, ದನಿ ಹೊರಡುವುದಿಲ್ಲ. ಎಚ್ಚರವಾದರೆ ತಗಡಿನ ಮೇಲೆ ಬೆಳಗಿನ ಕಾಗೆ ನಡೆಯುತ್ತಿರುತ್ತದೆ.

ಹೋದ ಗುರುವಾರ ವಿಚಾರಣೆ ಇತ್ತು. ಪದ್ಧತಿ ಎನ್ನುವುದಕ್ಕೆ ಸಾಕ್ಷಿ ತನ್ನಿ ಎಂದಿದ್ದರು. ಓಣಿಯಿಂದ ಮೂರು ಹಳೆಯ ಕೌದಿ ಒಯ್ದೆವು. ಒಂದು ಅಂಬಾಬಾಯಿಯ ಮನೆಯದು, ಒಂದು ಸಿಂಧೂರ ಅಕ್ಕನದು, ಇನ್ನೊಂದು ನಮ್ಮ ಮನೆಯದು. ಅಕ್ಕ ರಜೆ ಹಾಕಿ ತಾನೂ ಬಂದಿದ್ದಳು. ಮೇಡಂ ತಾವೇ ಕತ್ತರಿ ತೆಗೆದುಕೊಂಡು ಕೊನೆಯ ಮೂಲೆ ಯಾವುದು ಎಂದು ನನ್ನನ್ನು ಕೇಳಿ, ಬಟ್ಟೆಗೆ ತಾಗದಂತೆ ದಾರವನ್ನಷ್ಟೇ ಬಿಡಿಸಿದರು. ಮೊದಲನೆಯದರಲ್ಲಿ ಐದು ಕಾಳು. ಎರಡನೆಯದರಲ್ಲಿ ಐದು. ನಮ್ಮ ಮನೆಯದರಲ್ಲಿ ಹುಳ ತಿಂದು ಸಿಪ್ಪೆಯಷ್ಟೇ ಉಳಿದಿತ್ತು, ಆದರೂ ಐದೇ. ಮೇಡಂ ಮುಖ ಸಡಿಲವಾಯಿತು. ಅಂಬಾಬಾಯಿ ಸೆರಗು ಸರಿಮಾಡಿಕೊಂಡು ದೇವಾನಂದನ ಕಡೆ ನೋಡಿದಳು.

ದೇವಾನಂದ ಬುದ್ಧಿವಂತ ಆಯಿ. "ಎಲ್ಲದರಲ್ಲೂ ಐದು. ನಮೂನೆಯಲ್ಲಿ ಮಾತ್ರ ಏಳು ಹ್ಯಾಂಗ ಬಂತು? ಅದೇ ಗುರುತು" ಎಂದ. ಮರಾಠಿಯಲ್ಲೇ ಹೇಳಿದ, ನಿನಗೆ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಅಂಬಾಬಾಯಿ ಹಾಳೆಯ ಮೇಲಿನ ಕಾಳುಗಳನ್ನು ಮತ್ತೆ ಎಣಿಸಿದಳು. ಫ್ಯಾನಿನ ಗಾಳಿಗೆ ಹಾಳೆಯ ಮೇಲಿದ್ದ ಸಿಪ್ಪೆ ಅಲುಗುತ್ತಿತ್ತು. ಉತ್ತರ ಗೊತ್ತಿದ್ದ ಇಬ್ಬರಲ್ಲಿ ಒಬ್ಬಳು ಪುಣೆ ಬಿಟ್ಟು ಹೋಗಿದ್ದಳು. ನಾನು ಎದ್ದುನಿಂತೆ. ಯಾವಾಗ ಎದ್ದೆನೋ ಗೊತ್ತಿಲ್ಲ. ಮೇಜಿನ ಅಂಚು ಹಿಡಿದುಕೊಂಡಿದ್ದೆ. "ಅದು ನನ್ನ ಕೈ" ಎಂದೆ.

ಚಾಕಣದ ಶೆಡ್ಡು, ಸಿಮೆಂಟಿನ ಚೀಲ, ಏಳು ತಲೆ, ಎಲ್ಲ ಹೇಳಿದೆ. ಮರಾಠಿಯಲ್ಲಿ ಶುರುಮಾಡಿ ನಡುವೆ ಕನ್ನಡಕ್ಕೆ ಜಾರಿದೆನಂತೆ. ಸಿಂಧೂರ ಅಕ್ಕ ಹಿಂದಿಯಲ್ಲಿ ಸಮಿತಿಗೆ ಹೇಳುತ್ತಾ ಹೋದಳು. ಕೊನೆಗೆ ಪತ್ರದಲ್ಲಿ ಬರೆದ ಮರೆವಿನ ಮಾತು ಸುಳ್ಳು, ಮರೆತವರು ಯಾರೂ ಇಲ್ಲ, ಬೇಡ ಎಂದು ಗೊತ್ತಿದ್ದೂ ನಾನೇ ಹಾಕಿದ್ದು, ಆ ಸಹಿ ನನ್ನದು ಎಂದೆ. ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ್ದ. ಮೇಡಂ ಅವನಿಗೆ, "ಬರೆದುಕೊಳ್ಳಿ, ಇದನ್ನೂ ಬರೆದುಕೊಳ್ಳಿ" ಎಂದರು.

ಮೂವರೂ ಒಳಗೆ ಹೋಗಿ ಮಾತಾಡಿ ಬಂದರು. ಮೇಡಂ ನನ್ನನ್ನೇ ನೋಡಿ ಹೇಳಿದರು: "ಇದು ಗುರುತಲ್ಲ ಎಂದು ಸಮಿತಿ ಒಪ್ಪಿದೆ. ನಿಮ್ಮ ಗಟದ ಹೆಸರಿಗೆ ಕಲೆ ಇಲ್ಲ. ಆದರೆ ಒಳಗೆ ಏನೂ ಇರಬಾರದು ಎಂದ ಮೇಲೆ ಇರಬಾರದು. ನಿಮ್ಮ ಕಾಳನ್ನು ಇವತ್ತು ಬಿಟ್ಟುಕೊಟ್ಟರೆ ನಾಳೆ ಇನ್ನೊಬ್ಬರು ಕಲ್ಲು ತುಂಬಿ ತಂದಾಗ ಬೇಡ ಎನ್ನಲು ನನಗೆ ಬಾಯಿ ಇರುವುದಿಲ್ಲ. ಈ ಟೆಂಡರಿಗೆ ನೀವು ಅನರ್ಹರು." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, ಇಷ್ಟು ಸಣ್ಣ ಹೊಲಿಗೆ ಹಾಕಿದ್ದು ಯಾರು ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ. ತಪ್ಪಿಲ್ಲದೆ ಬರೆದುಕೊಳ್ಳಲು ಎರಡು ಸಲ ಹೇಳಿಸಿಕೊಂಡರು.

ಆಯಿ, ಅದು ನನಗೆ ಅನ್ಯಾಯ ಅನ್ನಿಸಲಿಲ್ಲ. ಮನಸ್ಸು ಹಗುರಾಯಿತು ಎಂದರೂ ಸುಳ್ಳು. ಚಾಕಣ ಕಡೆಯ ಒಂದು ಗಟ ಪಾಸಾಯಿತು. ಹೊರಬರುವಾಗ ಅವರ ನಮೂನೆಯನ್ನು ಮುಟ್ಟಿ ನೋಡಿದೆ. ಸಾಲು ನೆಟ್ಟಗಿತ್ತು, ಬಟ್ಟೆ ಸ್ವಲ್ಪ ಒರಟು. ಎರಡು ಸಲ ಒಗೆದರೆ ಮೆತ್ತಗಾಗುತ್ತದೆ. ಮಕ್ಕಳು ನಿದ್ದೆ ಮಾಡುತ್ತಾರೆ.

ಬಸ್ಸಿನಲ್ಲಿ ಅಂಬಾಬಾಯಿ ನನ್ನ ಪಕ್ಕ ಕೂರಲಿಲ್ಲ. ಬಿಬವೇವಾಡಿಯಲ್ಲಿ ಇಳಿದ ಮೇಲೆ, ಕಾಯಿಪಲ್ಲೆ ಮಾರುವವರ ನಡುವೆಯೇ ನಿಂತು ಕೇಳಿದಳು: "ಈ ಬಾಯಿ ಇಷ್ಟ ದಿನ ಎಲ್ಲಿ ಒತ್ತಿ ಇಟ್ಟಿದ್ದಿ?" ನಾನು ಅತ್ತೆ. ಅವಳೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಕಚೇರ್ಯಾಗ ಹೇಳಿದ್ದು ಸಾಲಂಗಿಲ್ಲ. ಹೋಗು, ಆ ಮುದುಕಿ ಮುಂದ ಹೇಳು. ನಾ ಭಾಳ ಬೈದೀನಿ, ನನ್ನ ಪರವಾಗಿನೂ ಮಾಫಿ ಕೇಳು. ಬ್ಯಾಡ, ಕೇಳಬ್ಯಾಡ. ಮುದುಕಿಗಿ ಸೊಕ್ಕು ಬರ್ತದ. ಬಂದ ಮ್ಯಾಲ ನಾನೇ ಕೇಳ್ತೀನಿ" ಎಂದಳು. ಭಾನುವಾರ ಗಟದ ಉಳಿದ ಎಲ್ಲರ ಮನೆಗೂ ನಾನೇ ಹೋಗಿ ಹೇಳಿಬಂದೆ. ಕೆಲವರು ಬೈದರು. ಒಬ್ಬಳು ಬಾಗಿಲು ಹಾಕಿಕೊಂಡಳು. ಹಾಕಿಕೊಳ್ಳಬೇಕಾದದ್ದೇ.

ನೀನು ಯಾಕೆ ನನ್ನ ತಪ್ಪು ಹೊತ್ತೆ ಎಂದು ನಾನು ಕೇಳುವುದಿಲ್ಲ. ಕೌದಿಯ ತುದಿಯಲ್ಲಿ ಮಲಗಿದ ಮಗುವಿನ ಮೇಲೆ ಅದನ್ನು ಎಳೆದು ಹೊದಿಸುವುದು ನಿನಗೆ ಮೊದಲಿಂದಲೂ ಅಭ್ಯಾಸ. ಆದರೆ ನಾನು ಈಗ ಇಪ್ಪತ್ತೆರಡರ ಹೆಂಗಸು. ನಾನು ಬೆಚ್ಚಗಿರಲೆಂದು ನಿನ್ನನ್ನು ಚಳಿಗೆ ತಳ್ಳಿ ನಲವತ್ತು ದಿನ ಕೂತೆ. ಅದನ್ನು ಕ್ಷಮಿಸು ಎಂದು ಕೇಳುವ ಅರ್ಹತೆ ನನಗಿದೆಯೇ ಇಲ್ಲವೇ ಎಂದು ಹೇಳಬೇಕಾದವಳು ನೀನೊಬ್ಬಳೇ.

ಈ ಕೊನೆಯ ಪುಟವನ್ನು ರೈಲಿನಲ್ಲಿ ಬರೆಯುತ್ತಿದ್ದೇನೆ. ಸೋಲಾಪುರ ದಾಟಿತು. ಕಿಟಕಿಯ ಹೊರಗೆ ಹೊಲಗಳು ಬೆಳ್ಳಗೆ, ನಿದ್ದೆಗಣ್ಣಿನಲ್ಲಿ ಕಂಡಂತೆ ಹಿಂದಕ್ಕೆ ಹೋಗುತ್ತಿವೆ. ಅಕ್ಷರ ಕುಣಿದಿದ್ದರೆ ಗಾಡಿಯದೇ ತಪ್ಪು ಮಾಮಾ, ಸ್ವಲ್ಪ ಹೊಂದಿಸಿಕೊಂಡು ಓದಿ. ರಾತ್ರಿ ಯಾದಗಿರಿಯಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿ ಇದ್ದು, ಬೆಳ್ಳಂಬೆಳಿಗ್ಗೆ ಮೊದಲ ಬಸ್ಸು ಹತ್ತುತ್ತೇನೆ. ನಿನ್ನ ಎದುರು ನಿಂತರೆ ಇದರಲ್ಲಿ ಒಂದು ಮಾತೂ ನನ್ನ ಬಾಯಿಂದ ಹೊರಡುವುದಿಲ್ಲ. ಅದಕ್ಕೇ ಇದನ್ನು ಹುಸೇನಪ್ಪ ಮಾಮಾ ಕೈಗೆ ಕೊಟ್ಟು ಒಳಗೆ ಕಳಿಸಿದ್ದೇನೆ.

ಆಯಿ, ಅವರು ಇದನ್ನು ಓದುತ್ತಿರುವಾಗ ನಾನು ನಿಮ್ಮ ಬಾಗಿಲ ಹೊರಗೆ, ಗೋಡೆಗೆ ಒರಗಿ ಕೂತಿದ್ದೇನೆ. ಅವಸರ ಮಾಡಬೇಡ. ಎಲೆ ಅಡಿಕೆ ಹಾಕಿಕೋ. ಸಿಟ್ಟು ಬಂದಿದ್ದರೆ ಸಿಟ್ಟು ಮಾಡಿಕೋ. ನನ್ನನ್ನು ನೋಡುವ ಮನಸ್ಸಿಲ್ಲದಿದ್ದರೆ ಮಾಮಾ ಹೊರಗೆ ಬಂದು ತಲೆ ಆಡಿಸಿದರೆ ಸಾಕು, ಸಂಜೆಯ ಬಸ್ಸಿಗೆ ಹೊರಟುಹೋಗುತ್ತೇನೆ, ನಿನ್ನನ್ನು ದೂರುವುದಿಲ್ಲ. ಮನಸ್ಸಾದರೆ ಒಮ್ಮೆ ಹೆಸರು ಹಿಡಿದು ಕರೆ. ಮೆಲ್ಲಗೆ ಕರೆದರೂ ಕೇಳಿಸುತ್ತದೆ, ಅಷ್ಟು ಹತ್ತಿರ ಇದ್ದೇನೆ.

ನಿನ್ನ ಕಣ್ಣು ಮಬ್ಬಾಗದಿರಲಿ, ನಿನ್ನ ಬೆರಳು ನೋಯದಿರಲಿ. ನೀನು ಒಳಗೆ ಕರೆದರೂ ಕರೆಯದಿದ್ದರೂ ಹೊಸ್ತಿಲಿಗೆ ಹಣೆ ಮುಟ್ಟಿಸಿಯೇ ಏಳುತ್ತೇನೆ.

ಬಾಗಿಲ ಹೊರಗಿರುವ,
ನಿನ್ನ ಭಾಗ್ಯಾ